ಕೆಲಸವಿಲ್ಲದೆ ಮಾಡುವ ಫೋನ್

ದಾವಣಗೆರೆಯಲ್ಲಿ ರಕ್ತಕ್ಕೆ ತುಂಬ ಕಷ್ಟವಾಗುವುದು ಮೇ ತಿಂಗಳಲ್ಲಿ. ನಮ್ಮದು ಕಾಲೇಜುಗಳ ಊರು. ನಮ್ಮ ರಕ್ತದಾನ ತಂಡದ ದಾನಿಗಳಲ್ಲಿ ವಿದ್ಯಾರ್ಥಿಗಳೇ ಜಾಸ್ತಿ. ಪರೀಕ್ಷೆ ಮುಗಿದು ಹಾಸ್ಟೆಲ್‌ಗಳು ಖಾಲಿಯಾದರೆ ನಮ್ಮ ಪಟ್ಟಿಯೂ ಅರ್ಧ ಖಾಲಿ. ಆದರೆ ಹೆರಿಗೆಗಳು ನಿಲ್ಲುವುದಿಲ್ಲ, ಹೈವೇಯಲ್ಲಿ ಅಪಘಾತಗಳು ನಿಲ್ಲುವುದಿಲ್ಲ. ತೀವ್ರ ಥಲಸ್ಸೇಮಿಯಾ, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಹುಟ್ಟು ಕಾಯಿಲೆ, ಇರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು.

ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಅವತ್ತು ಎಲ್ಲರಿಗೂ ಕ್ಯಾಂಪ್ ಬೇಕು. ಆಗ ಬಂದ ರಕ್ತವನ್ನು ಮೇವರೆಗೆ ಇಟ್ಟುಕೊಳ್ಳೋಣ ಅಂದರೆ ಆಗುವುದಿಲ್ಲ. ಕೆಂಪು ರಕ್ತಕಣಗಳನ್ನು 35ರಿಂದ 42 ದಿನ ಇಡಬಹುದು. ಪ್ಲೇಟ್‌ಲೆಟ್ ಬರೀ 5 ದಿನ. ಒಮ್ಮೆ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಹಾಗಾಗಿ ಸ್ವಯಂಸೇವಕರನ್ನು ನೋಡಿಕೊಳ್ಳುವ ನನ್ನಂಥವರಿಗೆ ದಿನವೆಲ್ಲ ತಾರೀಖುಗಳ ಲೆಕ್ಕವೇ. ಯಾರು ಯಾವಾಗ ಕೊಟ್ಟರು, ಮತ್ತೆ ಯಾವಾಗ ಬರಬಹುದು, ಯಾರ ನಂಬರ್ ಬದಲಾಗಿದೆ.

ಈ ಲೆಕ್ಕ ಮಾಡುತ್ತಲೇ ಒಂದು ಬೇಸಿಗೆಯಲ್ಲಿ ನನ್ನ ಉತ್ಸಾಹ ಬತ್ತಿಹೋಗಿತ್ತು. ಫೋನ್ ಎತ್ತದವರ ಮೇಲೆ ಸಿಟ್ಟು ಬರುತ್ತಿತ್ತು. ಎತ್ತಿದವರ ಜೊತೆಗೂ ಎರಡೇ ಮಾತು. ಆಗ ನಮ್ಮ ತಂಡದ ಬಿಎಸ್ಸಿ ಓದುವ ಹುಡುಗಿಯೊಬ್ಬಳು ಹೇಳಿದಳು: "ಅಕ್ಕಾ, ಫೋನಲ್ಲಿ ನಿಮ್ಮ ಹೆಸರು ಬಂದ್ರೆ ನನಗೆ ಗಾಬರಿ ಆಗುತ್ತೆ. ನೀವು ಸುಮ್ನೆ ಯಾವತ್ತೂ ಫೋನ್ ಮಾಡಲ್ಲ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೂತು ಲೆಕ್ಕ ಹಾಕಿದೆ. ಎಂಟು ತಿಂಗಳಲ್ಲಿ ಒಂದು ಕ್ಯಾಂಪಿನಲ್ಲೂ ನಾನು ಪೂರ್ತಿ ನಿಂತಿರಲಿಲ್ಲ. ಬಂದು, ಉದ್ಘಾಟನೆ ಮುಗಿಸಿ, ಮುಂದಿನ ಕ್ಯಾಂಪಿನ ಫೋನ್ ಹಿಡಿದು ಹೊರಗೆ ಓಡಾಡುತ್ತಿದ್ದೆ.

ಅಂದಿನಿಂದ ಒಂದು ಕೆಲಸವನ್ನು ನಾನೇ ಇಟ್ಟುಕೊಂಡಿದ್ದೇನೆ. ಪ್ರತಿ ಕ್ಯಾಂಪಿನಲ್ಲೂ ಜ್ಯೂಸ್, ಬಿಸ್ಕತ್ತಿನ ಟೇಬಲ್ ನನ್ನದು. ರಕ್ತ ಕೊಟ್ಟವರು ಅಲ್ಲಿ ಹತ್ತು ಹದಿನೈದು ನಿಮಿಷ ಕೂರಬೇಕು. ಮೊದಲ ಸಲ ಕೊಟ್ಟವರ ಮುಖವನ್ನು ಆ ಹೊತ್ತಿನಲ್ಲಿ ನೋಡಬೇಕು. ಆಟೋ ಓಡಿಸುವ ಒಬ್ಬರು ತೋಳಿನ ಹತ್ತಿಯನ್ನು ಒತ್ತಿಕೊಂಡೇ ಹೇಳಿದ್ದರು: "ನಾನು ಹುಟ್ಟಿದಾಗ ನಮ್ಮವ್ವಗೆ ಯಾರೋ ಕೊಟ್ಟಿದ್ರಂತೆ ಮೇಡಂ. ಯಾರು ಅಂತ ಗೊತ್ತಿಲ್ಲ. ಅದಕ್ಕೇ ಬಂದೆ." ಇಂಥ ಒಂದು ಮಾತು ಕಿವಿಗೆ ಬಿದ್ದರೆ ನನಗೆ ಎರಡು ತಿಂಗಳು ಸಾಕು.

ಆ ಟೇಬಲ್‌ನಿಂದಲೇ ಇನ್ನೊಂದು ಕಂಡಿತು. ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇದ್ದರೆ ರಕ್ತ ತೆಗೆದುಕೊಳ್ಳುವುದಿಲ್ಲ. ಹೀಗೆ ವಾಪಸ್ ಹೋಗುವವರಲ್ಲಿ ಹುಡುಗಿಯರು ಬಹಳ. ಗೆಳತಿಯರ ಮುಂದೆ "ನಿಂದು ಆಗಲ್ಲಮ್ಮ" ಅನ್ನಿಸಿಕೊಂಡು, ತಲೆ ತಗ್ಗಿಸಿ ಹೋಗುತ್ತಾರೆ. ಮತ್ತೆ ಬರುವುದಿಲ್ಲ. ಇಷ್ಟು ವರ್ಷ ಅವರು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಅದು ನನ್ನ ತಪ್ಪು. ಈಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡುತ್ತೇನೆ. ಒಮ್ಮೆ ಡಾಕ್ಟರಿಗೆ ತೋರಿಸು ಅನ್ನುತ್ತೇನೆ. ಮನಸ್ಸಿದ್ದರೆ ನೋಂದಣಿ ಟೇಬಲ್‌ಗೆ ಬಾ ಅಂತಲೂ ಕರೆಯುತ್ತೇನೆ. ಇವತ್ತು ನಮ್ಮ ದಾನಿಗಳ ಪಟ್ಟಿಯನ್ನು ಅಷ್ಟು ಅಚ್ಚುಕಟ್ಟಾಗಿ ಇಟ್ಟಿರುವವಳು ಹಾಗೆ ವಾಪಸ್ ಹೋಗಲಿದ್ದ ಹುಡುಗಿಯೇ.

ನಮ್ಮ ಸುತ್ತಲ ಹಳ್ಳಿಗಳಲ್ಲಿ ಮುಯ್ಯಾಳು ಅನ್ನುವ ಪದ್ಧತಿ ಇತ್ತಲ್ವಾ. ಇವತ್ತು ನಾನು ನಿಮ್ಮ ಹೊಲಕ್ಕೆ, ನಾಳೆ ನೀವು ನಮ್ಮ ಹೊಲಕ್ಕೆ. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಎಲ್ಲರಿಗೂ ನೆನಪಿರುತ್ತದೆ. ಸ್ವಯಂಸೇವಕರು ನಮ್ಮ ಹೊಲಕ್ಕೆ ನೂರು ಸಲ ಬರುತ್ತಾರೆ. ನಾವು ಅವರ ಹೊಲಕ್ಕೆ ಹೋಗುವುದು ಯಾವಾಗ? ಅಕ್ಕನ ಮದುವೆ, ಗೃಹಪ್ರವೇಶ, ಪರೀಕ್ಷೆ ಹಿಂದಿನ ದಿನ. ಇಷ್ಟಕ್ಕೆ ಹೋದರೆ, ಒಂದು ಫೋನ್ ಮಾಡಿದರೆ ಅದೇ ಮುಯ್ಯಿ. ನನ್ನ ಪಟ್ಟಿಯಲ್ಲಿ ಈಗ ಇನ್ನೊಂದು ಕಾಲಂ ಇದೆ: ಸುಮ್ನೆ ಮಾತಾಡಿದ ತಾರೀಖು. ಭಾನುವಾರ ಸಂಜೆ ಐದು ಜನಕ್ಕೆ ಫೋನ್ ಮಾಡುತ್ತೇನೆ. ರಕ್ತದ ಮಾತು ಎತ್ತುವುದಿಲ್ಲ.

ಸ್ವಯಂಸೇವಕರಿಗೆ ನಾವಿದ್ದೇವೆ. ನಮಗೆ ಯಾರು? ಮೇಲಿನವರು ಕೇಳುವುದು ಎಷ್ಟು ಯೂನಿಟ್ ಆಯಿತು ಅಂತ. ಮನೆಯವರಿಗೆ ಈ ಕೆಲಸದ ಒಳಗು ಅರ್ಥವಾಗುವುದು ಕಷ್ಟ. ಡಿಸೆಂಬರ್ 5 ಸ್ವಯಂಸೇವಕರ ದಿನ ಅಂತ ವಿಶ್ವಸಂಸ್ಥೆ 1985ರಲ್ಲೇ ಘೋಷಿಸಿದೆ. ಅದಕ್ಕೆ ಒಂದು ತಿಂಗಳು ಮೊದಲು, ನವೆಂಬರ್ 5, ಸ್ವಯಂಸೇವಕರನ್ನು ನೋಡಿಕೊಳ್ಳುವವರ ದಿನ. ಅಂಥದ್ದೊಂದು ಇದೆ ಅಂತ ಗೊತ್ತಾದಾಗ ನನಗೆ ನಿಜವಾಗಲೂ ಸಮಾಧಾನವಾಯಿತು. ಬೇರೆ ಊರುಗಳಲ್ಲೂ ನಮ್ಮಂಥವರು ಇದ್ದಾರೆ ಅಂತ.

ಈಗ ನಾವು ಮೂವರು ತಿಂಗಳಿಗೊಮ್ಮೆ ಸೇರುತ್ತೇವೆ. ಚಿತ್ರದುರ್ಗದವರೊಬ್ಬರ ತಂಡ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ನೋಡಿಕೊಳ್ಳುತ್ತದೆ. ಹರಿಹರದ ಅಣ್ಣನ ತಂಡದ್ದು ತುಂಗಭದ್ರೆಯ ದಡ ಸ್ವಚ್ಛ ಮಾಡುವ ಕೆಲಸ. ಮೊದಲ ಅರ್ಧ ಗಂಟೆ ಅಂಕಿ ಸಂಖ್ಯೆ ಹೇಳಬಾರದು ಅನ್ನುವುದು ನಮ್ಮ ನಿಯಮ. ಚಿತ್ರದುರ್ಗದವರು ಒಮ್ಮೆ ಹೇಳಿದರು: ರೋಗಿ ತೀರಿಕೊಂಡ ಮೇಲೆ ಸ್ವಯಂಸೇವಕರು ಮೌನವಾಗಿ ದೂರವಾಗಿಬಿಡುತ್ತಾರೆ. ಅದಕ್ಕೇ ಆ ಮನೆಗೆ ಅವರನ್ನು ಕರೆದುಕೊಂಡು ಇನ್ನೊಮ್ಮೆ ಹೋಗಿಬರುತ್ತಾರಂತೆ. ಕೇಳುತ್ತ ನನ್ನ ಕಣ್ಣು ತುಂಬಿತು. ಹರಿಹರದ ಅಣ್ಣನ ಕಷ್ಟ ಬೇರೆ. ಇವತ್ತು ಸ್ವಚ್ಛ ಮಾಡಿದ ದಡ ಮುಂದಿನ ವಾರ ಮತ್ತೆ ಕೊಳೆ. "ಆದ್ರೂ ಜನ ಬರ್ತಾರೆ" ಅಂದರು. ಕೆಲಸ ಮುಗಿದ ಮೇಲೆ ಎಲ್ಲರೂ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಅರ್ಧ ಗಂಟೆ ಮಾತಾಡಿಯೇ ಹೋಗುವುದಂತೆ. ಆ ಅರ್ಧ ಗಂಟೆಯನ್ನು ನಾನು ನಮ್ಮ ಕ್ಯಾಂಪಿಗೂ ತಂದಿದ್ದೇನೆ. ಕುರ್ಚಿ ಮಡಚಿದ ತಕ್ಷಣ ಯಾರೂ ಓಡಬಾರದು.

ಈ ಸಲ ಸೇರುವುದು ನಮ್ಮೂರಲ್ಲಿ. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಒಂದು ಸುತ್ತು, ಆಮೇಲೆ ಬೆಣ್ಣೆ ದೋಸೆ. ಹರಿಹರದ ತಂಡದಲ್ಲಿ ಇರುವವರು ಅಂಗಡಿಯವರು, ಕಾರ್ಖಾನೆ ಕೆಲಸಗಾರರು. ಮೇ ತಿಂಗಳಲ್ಲೂ ಊರಲ್ಲೇ ಇರುವ ಜನ. ಅವರಲ್ಲಿ ಎಷ್ಟು ಮಂದಿ ರಕ್ತ ಕೊಡಬಹುದು ಅಂತ ಅಣ್ಣನನ್ನು ಕೇಳಬೇಕು. ಮೊದಲ ಅರ್ಧ ಗಂಟೆ ಕಳೆದ ಮೇಲೆ.