ಗುಳಿಗೆ ತಾಲೂಕಿಗೆ ಬಂತು, ಮಾತು ಇನ್ನೂ ದೂರ

ಅಥಣಿ ಕಡೆ ನಾವು ಸಣ್ಣವರಿದ್ದಾಗ ಯಾರಾದರೂ ವಿಪರೀತ ಹಟ ಮಾಡಿದರೆ ದೊಡ್ಡವರು ಒಂದು ಮಾತು ಅನ್ನುತ್ತಿದ್ದರು: “ನಿನ್ನ ಧಾರವಾಡಕ್ಕ ಒಯ್ಯಬೇಕ ನೋಡು.” ಪೇಡೆ ಕೊಡಿಸೋಕಲ್ಲ, ಕಾಲೇಜಿಗೆ ಹಚ್ಚೋಕೂ ಅಲ್ಲ. ಅಲ್ಲಿನ ಮಾನಸಿಕ ಆಸ್ಪತ್ರೆಗೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಗೆ ಮನಸ್ಸಿನ ಕಾಯಿಲೆ ಅಂದರೆ ಬಹಳ ಕಾಲ ಗೊತ್ತಿದ್ದ ವಿಳಾಸ ಅದೊಂದೇ.

ಆ ಆಸ್ಪತ್ರೆ ಶುರುವಾದದ್ದು 1845ರಲ್ಲಿ. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಅಂಥ ಜಾಗಗಳನ್ನು ಕಟ್ಟಿದ್ದೇ ಜನರನ್ನು ಊರಿನಿಂದ ದೂರ ಇಡೋದಕ್ಕೆ. 1912ರ ಲ್ಯೂನಸಿ (ಅಂದರೆ ಹುಚ್ಚು) ಕಾಯ್ದೆಯ ಚಿಂತೆಯೂ ಅದೇ ಆಗಿತ್ತು. ಯಾರನ್ನು ಒಳಗೆ ಹಾಕಬೇಕು, ಯಾರ ಆದೇಶದ ಮೇಲೆ ಹಾಕಬೇಕು, ಯಾವಾಗ ಬಿಡಬೇಕು. ಆ ಕಾಯ್ದೆಯನ್ನು ಬದಲಿಸಲು 1987ರಲ್ಲಿ ಹೊಸದೊಂದು ಬಂತು, ಅದು ಜಾರಿಯಾದದ್ದು 1993ರಲ್ಲಿ. ಅಲ್ಲಿಯ ತನಕ ಎಂಬತ್ತು ವರ್ಷ ನಾವು ಆ ಹಳೆಯ ಕಣ್ಣಿನಿಂದಲೇ ಕಾಯಿಲೆಯನ್ನು ನೋಡಿದೆವು. ಹೀಗಿರುವಾಗ ರಾತ್ರಿ ನಿದ್ದೆ ಬರದವರು, ಸುಮ್ನೆ ಕೂತು ಅಳುವವರು ಯಾಕಾದರೂ ಧಾರವಾಡದ ಬಸ್ ಹತ್ತುತ್ತಾರೆ? ಅವರು ದೇವರ ಗುಡಿಗೆ ಹೋದರು, ತಾಯತ ಕಟ್ಟಿಸಿಕೊಂಡರು. ನಾನು ಅವರನ್ನು ದೂರುವುದಿಲ್ಲ. ಕೂತು ಕೇಳುವವರು ಅಲ್ಲೇ ಸಿಗುತ್ತಿದ್ದರು.

ಇದನ್ನು ಬದಲಿಸುವ ಯೋಚನೆ ಹುಟ್ಟಿದ್ದೂ ನಮ್ಮ ರಾಜ್ಯದಲ್ಲೇ. ದೇಶದ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 1982ರಲ್ಲಿ. ಅದನ್ನು ಹಳ್ಳಿಗೆ ಮುಟ್ಟಿಸೋದು ಹೇಗೆ ಅಂತ ಬೆಂಗಳೂರಿನ ನಿಮ್ಹಾನ್ಸ್‌ನವರು 80ರ ದಶಕದ ಮಧ್ಯದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಮುಖ್ಯವಾದ ಕೆಲವೇ ಔಷಧಿಗಳನ್ನು ಅಲ್ಲಿಯೇ ಸಿಗುವಂತೆ ಮಾಡಿದರು. ಅದು ನಡೆಯಿತು. 1996ರಲ್ಲಿ ಕೇಂದ್ರ ಸರ್ಕಾರ ಅದೇ ಮಾದರಿ ಹಿಡಿದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಆಗಿನ್ನೂ ಬಾಗಲಕೋಟೆ ಜಿಲ್ಲೆಯೇ ಆಗಿರಲಿಲ್ಲ.

ಇವತ್ತು ಈ ಕಾರ್ಯಕ್ರಮ ಮೂರೂ ಜಿಲ್ಲೆಗಳಲ್ಲಿದೆ. ‘ಮನೋಚೈತನ್ಯ’ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರದ ದಿನ ತಾಲೂಕು ಆಸ್ಪತ್ರೆಗೆ ಬಂದು ನೋಡುವ ವ್ಯವಸ್ಥೆಯೂ ಆಗಿದೆ. ಗುಳಿಗೆಗೆ ದುಡ್ಡು ಕೊಡಬೇಕಿಲ್ಲ. ಇದು ಸಣ್ಣ ಕೆಲಸವಲ್ಲ. ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗ ಇರುವ ಮಗನನ್ನು ಸಾಕುವ ತಾಯಿಯನ್ನು ಕೇಳಿ ನೋಡಿ, ಗೊತ್ತಾಗುತ್ತದೆ.

ಆದರೆ ಬಳ್ಳಾರಿಯಲ್ಲಿ ಹಾಕಿದ ಅಡಿಪಾಯ ಮುಖ್ಯವಾಗಿ ತೀವ್ರ ಕಾಯಿಲೆಗಳಿಗೆ ಮತ್ತು ಔಷಧಿಗೆ ಹಾಕಿದ್ದು. ನಮ್ಮಲ್ಲಿ ಜಾಸ್ತಿ ಕಾಣೋದು ಬೇರೆ. “ಜೀವ ಬ್ಯಾಸರಾಗೇತಿ”, “ಮನಸಿಗೆ ಹಚ್ಚಿಕೊಂಡಾನ” ಅನ್ನುತ್ತಾರಲ್ಲ, ಅದು. ಸಾಲದ ಕಂತು, ಗುಳೆ ಹೋದ ಗಂಡ, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದವು. ಪರಿಹಾರದ ಪಟ್ಟಿಯಲ್ಲಿ ಮನೆ, ಬೆಳೆ, ದನ ಎಲ್ಲದಕ್ಕೂ ಲೆಕ್ಕ ಇತ್ತು. ಮಳೆ ಸದ್ದು ಕೇಳಿದರೆ ಎದ್ದು ಕೂರುವವರ ನಿದ್ದೆಗೆ ಲೆಕ್ಕ ಎಲ್ಲಿ? ಇಂಥವರಲ್ಲಿ ಎಷ್ಟೋ ಜನರಿಗೆ ಮೊದಲು ಬೇಕಾಗೋದು ಅರ್ಧ ಗಂಟೆ ಕೂತು ಕೇಳುವ, ಕೆಲಸ ಬಲ್ಲ ಒಬ್ಬ ಮನುಷ್ಯ. ವಾರಕ್ಕೊಮ್ಮೆ ಉದ್ದದ ಪಾಳಿ ಮುಗಿಸಬೇಕಾದ ವೈದ್ಯರಿಗೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ಜಿಲ್ಲಾ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾತಿನಿಂದ ಚಿಕಿತ್ಸೆ ಕೊಡುವ ತಜ್ಞರ ಹುದ್ದೆ ಇದೆ ನಿಜ, ಅದು ಇಡೀ ಜಿಲ್ಲೆಗೆ.

ಖಾಸಗಿಯಾಗಿ ಹೋಗೋಣ ಅಂದರೆ ಖರ್ಚಿನ ಮಾತು. ಇಂಡಿ ತಾಲೂಕಿನ ಕೂಲಿ ಹೆಣ್ಣುಮಗಳೊಬ್ಬಳು ವಿಜಯಪುರಕ್ಕೆ ಬರಬೇಕು ಅಂದುಕೊಳ್ಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳ ಬಸ್ ಚಾರ್ಜ್ ಉಳಿದಿದೆ. ಆದರೆ ಅವತ್ತಿನ ಪಗಾರ ಹೋಯಿತು. 2024-25ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ಅದರ ಮೇಲೆ ಫೀಸು. ಮೇಲಾಗಿ ಹೀಗೆ ಕೂತು ಮಾತಾಡುವ ಸಮಾಲೋಚನೆ ಒಂದೇ ಸಲಕ್ಕೆ ಮುಗಿಯುವುದಲ್ಲ, ಆರೆಂಟು ಸಲ ಬರಬೇಕು. ಮನೆಯಲ್ಲಿ ಪ್ರತಿ ಸಲ ಏನಂತ ಹೇಳಿ ಬರುತ್ತಾಳೆ?

ಕಾನೂನು ಅವಳ ಪರವಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಕೈಗೆಟಕುವ ದರದಲ್ಲಿ ಚಿಕಿತ್ಸೆ ಪಡೆಯೋದು ಹಕ್ಕು ಅಂತ ಅದು ಹೇಳಿತು. ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಯನ್ನೂ ದೇಹದ ಕಾಯಿಲೆಯಂತೆಯೇ ನೋಡಬೇಕು ಅಂತಲೂ ಹೇಳಿತು. ಆದರೆ ನಮ್ಮಲ್ಲಿ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ದುಡ್ಡು ಕೊಡುವಂಥವು. ಕುರ್ಚಿಯಲ್ಲಿ ಕೂತು ಮಾತಾಡಿ ಬಂದದ್ದಕ್ಕೆ ಬಿಲ್ ಪಾಸಾಗೋದು ಅಪರೂಪ.

ಆ ಕಾಯ್ದೆಯ ಇನ್ನೊಂದು ಉಪಕಾರ ದೊಡ್ಡದು. ಜೀವ ಕಳೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಶಿಕ್ಷಿಸಬಾರದು ಅಂದಿತು. ಹಳೆಯ ದಂಡ ಸಂಹಿತೆಯ 309ನೇ ಕಲಂನಲ್ಲಿ ಅದಕ್ಕೆ ಒಂದು ವರ್ಷದ ತನಕ ಜೈಲಿತ್ತು. 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯಲ್ಲಿ ಆ ಕಲಂ ಇಲ್ಲ. ಹಳ್ಳಿಗಳಲ್ಲಿ ಮನೆಯವರು ಪೊಲೀಸರಿಗೆ ಹೆದರಿ “ಹೊಟ್ಟೆನೋವು” ಅಂತ ಸುಳ್ಳು ಹೇಳುವುದುಂಟು. ಇನ್ನು ಆ ಹೆದರಿಕೆ ಬೇಡ. ದಯವಿಟ್ಟು ಈ ಒಂದು ವಿಷಯವನ್ನು ನಾಲ್ಕು ಜನರಿಗೆ ಹೇಳಿ.

ಹಾಗಾದರೆ ತಾಲೂಕಿನಲ್ಲಿ ಸಮಾಲೋಚಕರನ್ನು ಇಡೋದು ಆಗದ ಕೆಲಸವೇ? ಅಲ್ಲ. ಒಮ್ಮೆ ಮಾಡಿ ತೋರಿಸಿದ್ದೇವೆ. 2000ದ ದಶಕದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆ, ಬೆಳಗಾವಿ ಎರಡೂ ಇದ್ದವು. ಆಗ ಸರ್ಕಾರ ‘ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ’ಗಳನ್ನು ತಾಲೂಕು ಆಸ್ಪತ್ರೆಗಳ ತನಕ ತಂದಿತು. ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ, ಸಂಬಳಕ್ಕಿರುವ ಒಬ್ಬ ಆಪ್ತ ಸಮಾಲೋಚಕರು, ಗುಟ್ಟು ಹೊರಗೆ ಹೋಗುವುದಿಲ್ಲ ಅನ್ನುವ ಭರವಸೆ, ಫೀಸಿಲ್ಲ. ಅಷ್ಟೊಂದು ನಾಚಿಕೆ, ಹೆದರಿಕೆ ಇದ್ದ ಕಾಯಿಲೆಗೇ ಇದು ಸಾಧ್ಯವಾಯಿತು. ಬೇಸರಕ್ಕೆ, ದುಃಖಕ್ಕೆ ಯಾಕಾಗಬಾರದು?

ಸಮಾಲೋಚಕರೆಲ್ಲ ಸೈಕಾಲಜಿಯಲ್ಲಿ ಎಂಫಿಲ್ ಮಾಡಿರಲೇಬೇಕು ಅಂತಲೂ ಇಲ್ಲ. ಚೋರ್ಲಾ ಘಾಟ್ ಇಳಿದರೆ ಗೋವಾ. ಅಲ್ಲಿ ಸಂಗಾತ್ ಸಂಸ್ಥೆಯವರು ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರು. ತೀವ್ರ ಖಿನ್ನತೆ ಇದ್ದವರ ಜೊತೆ ಆರರಿಂದ ಎಂಟು ಸಲ ಕೂತು ಮಾತಾಡೋದು ಅವರ ಕೆಲಸ. ಬಿಟ್ಟುಹೋದ ಸಣ್ಣ ಸಣ್ಣ ಕೆಲಸಗಳನ್ನು ಮತ್ತೆ ಹಿಡಿಯಲು ಜೊತೆಯಾಗೋದು. ಇದರ ಫಲಿತಾಂಶ 2016ರ ಕೊನೆಗೆ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮೂರು ತಿಂಗಳಲ್ಲಿ ಇವರ ಹತ್ತಿರ ಬಂದವರಲ್ಲಿ 64% ಜನ ಚೇತರಿಸಿಕೊಂಡಿದ್ದರು. ಬರೀ ಮಾಮೂಲಿ ಆರೈಕೆ ಸಿಕ್ಕವರಲ್ಲಿ 39%. ನಮ್ಮ ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾರು ಊಟ ಬಿಟ್ಟಿದ್ದಾರೆ ಅಂತ ಈಗಲೇ ಗೊತ್ತು. ಆದರೆ ಅವರ ಹೆಗಲ ಮೇಲೆ ಇನ್ನೊಂದು ಭಾರ ಹಾಕುವುದಾದರೆ ಅದಕ್ಕೆ ಸರಿಯಾದ ಗೌರವಧನ ಕೊಟ್ಟೇ ಹಾಕಬೇಕು.

ಸದ್ಯಕ್ಕೆ ಹತ್ತಿರದ ದಾರಿ ಟೆಲಿ ಮಾನಸ್ ಅನ್ನುವ ಸರ್ಕಾರಿ ಫೋನ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಸಮಾಲೋಚಕರು ಸಿಗುತ್ತಾರೆ. ಬೇಕಾದರೆ ತಜ್ಞರಿಗೆ ದಾಟಿಸುತ್ತಾರೆ. ಒಳ್ಳೆಯ ಕೆಲಸ. ಆದರೆ ಎಷ್ಟೋ ಮನೆಗಳಲ್ಲಿ ಇರೋದು ಒಂದೇ ಮೊಬೈಲ್, ಅದೂ ಗಂಡನ ಕಿಸೆಯಲ್ಲಿ. ಒಂದೂವರೆ ಕೋಣೆಯ ಮನೆಯಲ್ಲಿ ಅತ್ತೆಯ ಎದುರು ಯಾರು ಮನಸ್ಸು ಬಿಚ್ಚುತ್ತಾರೆ ಹೇಳಿ. ಇಂಥ ಹೆಣ್ಣುಮಗಳಿಗೆ ಸಂತೆಗೆ ಬಂದಾಗ ಹೊಕ್ಕು ಹೊರಡಬಹುದಾದ, ಬಾಗಿಲು ಹಾಕಿಕೊಳ್ಳುವ ಆ ಕೋಣೆಯೇ ಬೇಕು.