ಗ್ರಾಫಿಕ್ ಕಾದಂಬರಿ: ಎರಡು ಚೌಕಗಳ ನಡುವಿನ ಜಾಗ

ಮೈಸೂರಿನ ಮಾನಸಗಂಗೋತ್ರಿಯಲ್ಲಿ ನಮ್ಮ ಜೊತೆ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಇಸವಿಗಳನ್ನು ಬಾಯಿಪಾಠ ಮಾಡುವ ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳೋಣ.

ಸೋಮನಾಥಪುರ ನೋಡಿದ್ದೀರಿ ಅಲ್ವಾ? ಕೇಶವ ದೇವಾಲಯದ ಗೋಡೆಯ ಕೆಳಭಾಗದಲ್ಲಿ ರಾಮಾಯಣ, ಭಾಗವತ, ಮಹಾಭಾರತದ ಕಥೆಗಳು ಸಾಲಾಗಿವೆ. ಪ್ರದಕ್ಷಿಣೆ ಹಾಕುತ್ತಾ ಹೋದರೆ ಕಥೆಯೂ ನಮ್ಮ ಜೊತೆ ನಡೆಯುತ್ತದೆ. ಒಂದು ದೃಶ್ಯಕ್ಕೂ ಮುಂದಿನದಕ್ಕೂ ನಡುವೆ ಆದದ್ದನ್ನು ಶಿಲ್ಪಿ ಕೆತ್ತಿಲ್ಲ. ನಾವೇ ತುಂಬಿಕೊಳ್ಳುತ್ತೇವೆ, ಕಥೆ ಮೊದಲೇ ಗೊತ್ತಲ್ಲ. ಚಿತ್ರದ ಚೌಕಗಳನ್ನು ಸಾಲಾಗಿ ಜೋಡಿಸಿ ಕಥೆ ಹೇಳುವ ಗ್ರಾಫಿಕ್ ಕಾದಂಬರಿಯಲ್ಲಿ ಕಥೆ ಮೊದಲೇ ಗೊತ್ತಿರುವುದಿಲ್ಲ. ಆದರೂ ತುಂಬಿಕೊಳ್ಳುತ್ತೇವೆ. ಮೊದಲ ಚೌಕದಲ್ಲಿ ಮಂಡ್ಯ ಬಸ್ ಸ್ಟ್ಯಾಂಡ್, ಚೀಲ ಹಿಡಿದು ಕೂತ ಅಜ್ಜಿ. ಎರಡನೆಯದರಲ್ಲಿ ಚೀಲ ಮಾತ್ರ. ಅಜ್ಜಿ ಎಲ್ಲಿ? ನಿಮ್ಮ ಮನಸ್ಸು ಆಗಲೇ ಏನೋ ಊಹಿಸಿತು. ಆ ಖಾಲಿ ಜಾಗಕ್ಕೆ ಗಟರ್ ಅನ್ನುತ್ತಾರೆ. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್ಲೌಡ್ 1993ರಲ್ಲಿ ಇದನ್ನೇ ಬಿಡಿಸಿ ಹೇಳಿದರು, ಅದೂ ಕಾಮಿಕ್ಸ್ ರೂಪದಲ್ಲೇ.

ಈಗ ಇತಿಹಾಸ. ಜಿನೀವಾದ ಮೇಷ್ಟ್ರು ರೊಡೋಲ್ಫ್ ಟೋಪ್ಫರ್ 1830ರ ದಶಕದಲ್ಲೇ ಚಿತ್ರ ಮತ್ತು ಮಾತು ಸೇರಿಸಿ ಪುಸ್ತಕ ತಂದಿದ್ದರು. ‘ಗ್ರಾಫಿಕ್ ನಾವೆಲ್’ ಎಂಬ ಹೆಸರನ್ನು ಅಮೆರಿಕದ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಹುಟ್ಟಿಸಿದರು ಎಂದು ತುಂಬಾ ಜನ ಬರೆಯುತ್ತಾರೆ. ತಪ್ಪು. ಕಾಮಿಕ್ಸ್ ವಿಮರ್ಶಕ ರಿಚರ್ಡ್ ಕೈಲ್ 1964ರಲ್ಲೇ ಬಳಸಿದ್ದರು. ಐಸ್ನರ್ 1978ರಲ್ಲಿ ನ್ಯೂಯಾರ್ಕಿನ ಬಡ ವಠಾರದ ಕಥೆಗಳನ್ನು ಪ್ರಕಟಿಸಿದಾಗ ಆ ಹೆಸರು ಚಾಲ್ತಿಗೆ ಬಂತು.

ದೊಡ್ಡ ತಿರುವು ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’. ಯಹೂದಿಗಳು ಇಲಿ, ನಾಜಿಗಳು ಬೆಕ್ಕು. ನಾಜಿಗಳ ಆಶ್ವಿಟ್ಜ್ ಯಾತನಾ ಶಿಬಿರದಲ್ಲಿ ಬದುಕುಳಿದ ಲೇಖಕನ ಅಪ್ಪ ಮನೆಯಲ್ಲಿ ವ್ಯಾಯಾಮದ ಸೈಕಲ್ ತುಳಿಯುತ್ತಾ ಕಥೆ ಶುರುಮಾಡುತ್ತಾನೆ. ಅವನ ತೋಳಿನ ಮೇಲೆ ಶಿಬಿರದ ನಂಬರ್ ಕಾಣುತ್ತದೆ. ಅದರ ಬಗ್ಗೆ ಅಲ್ಲಿ ಯಾರೂ ಏನೂ ಹೇಳುವುದಿಲ್ಲ. ನನಗೆ ಆ ಪುಟ ದಾಟಲು ತುಂಬಾ ಹೊತ್ತು ಬೇಕಾಯಿತು. 1992ರಲ್ಲಿ ಅದಕ್ಕೆ ಪುಲಿಟ್ಜರ್ ವಿಶೇಷ ಪ್ರಶಸ್ತಿ ಬಂತು. ಕಾಮಿಕ್ಸ್ ಅಂದರೆ ಸುಮ್ನೆ ಮಕ್ಕಳ ಓದು ಎಂಬ ಮಾತು ಸಡಿಲವಾಗಿದ್ದು ಆಗಲೇ. 2022ರಲ್ಲಿ ಅಮೆರಿಕದ ಟೆನೆಸಿಯ ಒಂದು ಶಾಲಾ ಮಂಡಳಿ ಅದನ್ನು ಪಾಠದಿಂದ ತೆಗೆಯಿತು. ಜನ ಇನ್ನೂ ಜಾಸ್ತಿ ಕೊಂಡು ಓದಿದರು.

ನಮ್ಮ ಕಡೆಗೆ ಬಂದರೆ, ಅಮರ ಚಿತ್ರ ಕಥೆಯ ಮೊದಲ ಹತ್ತು ಸಂಚಿಕೆಗಳು ಬಂದದ್ದು ಕನ್ನಡದಲ್ಲಿ. ಅನಂತ ಪೈ ಅವರ ‘ಕೃಷ್ಣ’ ಹನ್ನೊಂದನೆಯದು. ಪೈ ಅವರೂ ಕಾರ್ಕಳದವರೇ. ದೊಡ್ಡವರಿಗಾಗಿ ಗ್ರಾಫಿಕ್ ಕಾದಂಬರಿ ತಂದ ಮೊದಲಿಗರಲ್ಲಿ ಒರಿಜಿತ್ ಸೇನ್ ಒಬ್ಬರು. ನರ್ಮದಾ ಅಣೆಕಟ್ಟಿನ ಸುತ್ತಲಿನ ಅವರ ಕೃತಿ 1994ರದು.

2011ರ ‘ಭೀಮಾಯಣ’ವನ್ನು ಮಾತ್ರ ಬಿಡಬೇಡಿ. ಅಂಬೇಡ್ಕರ್ ಅವರ ಬದುಕನ್ನು ಪರಧಾನ್ ಗೊಂಡ್ ಬುಡಕಟ್ಟಿನ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರಿಸಿದ್ದಾರೆ. ಅದರಲ್ಲಿ ಚೌಕಗಳೇ ಇಲ್ಲ. ಪಾತ್ರಗಳನ್ನು ಡಬ್ಬಿಯೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲ. ಮನೆಯ ಗೋಡೆ, ನೆಲದ ಮೇಲೆ ಬರೆಯುವ ದಿಗ್ನಾ ಎಂಬ ವಿನ್ಯಾಸದಿಂದಲೇ ಪುಟವನ್ನು ಭಾಗ ಮಾಡಿದರು. ಇನ್ನು ಮೊಬೈಲಿನಲ್ಲಿ ಬರುವ ವೆಬ್‌ಟೂನ್‌ಗಳಲ್ಲಿ, ಅಂದರೆ ಪರದೆ ಜಾರಿಸುತ್ತಾ ಓದುವ ಕಾಮಿಕ್ಸ್‌ಗಳಲ್ಲಿ, ಚೌಕಗಳ ನಡುವಿನ ಜಾಗ ಉದ್ದಕ್ಕೆ ಇಳಿಯುತ್ತದೆ. ಬೆರಳು ಎಷ್ಟು ಹೊತ್ತು ಜಾರಿಸಬೇಕೋ ಅಷ್ಟು ಹೊತ್ತು ಕಾಯಿಸುತ್ತದೆ.

ಭಾನುವಾರ ಬರುವಾಗ ಪ್ರತಿಯೊಬ್ಬರೂ ಎರಡು ಚೌಕ ಬರೆದು ತನ್ನಿ. ನಡುವೆ ಏನಾಯಿತು ಎಂದು ಹೇಳಬೇಡಿ, ಪಕ್ಕದವರು ಹೇಳಲಿ.