ಅರವತ್ತನೇ ದಿನದ ಲೆಕ್ಕ: ಡಿಫಾಲ್ಟ್ ಜಾಮೀನು ಬಂದ ದಾರಿ

ಬಂಧಿಸಿದ ಆರೋಪಿಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಇದು ಬಹುತೇಕರಿಗೆ ಗೊತ್ತು. ಅಷ್ಟರಲ್ಲಿ ತನಿಖೆ ಮುಗಿಯದಿದ್ದರೆ ಎಷ್ಟು ದಿನ ಒಳಗಿಡಬಹುದು? ಜಗಳವೆಲ್ಲ ಇರುವುದು ಇಲ್ಲಿ.

1898ರ ದಂಡ ಪ್ರಕ್ರಿಯಾ ಸಂಹಿತೆ ಕೊಟ್ಟಿದ್ದು ಒಟ್ಟು 15 ದಿನ. ಕೊಲೆ ಕೇಸಿನ ತನಿಖೆ ಅಷ್ಟರಲ್ಲಿ ಮುಗಿಯುವುದುಂಟೇ? ಪೊಲೀಸರು ಅಡ್ಡದಾರಿ ಹುಡುಕಿದರು. ಅರೆಬರೆ ‘ಪ್ರಾಥಮಿಕ’ ಆರೋಪಪಟ್ಟಿ (ಚಾರ್ಜ್‌ಶೀಟ್) ಸಲ್ಲಿಸಿ, ವಿಚಾರಣೆ ಮುಂದೂಡಲೆಂದು ಇದ್ದ 344ನೇ ಕಲಮಿನಡಿ ಮತ್ತೆ ಮತ್ತೆ ರಿಮಾಂಡ್, ಎಂದರೆ ಆರೋಪಿಯನ್ನು ಒಳಗಿಡಲು ಮ್ಯಾಜಿಸ್ಟ್ರೇಟರ ಆದೇಶ, ಪಡೆಯತೊಡಗಿದರು. ಅಲ್ಲಿ ಒಟ್ಟು ಇಷ್ಟೇ ದಿನ ಎಂಬ ಮಿತಿ ಇರಲಿಲ್ಲ. ಕಾನೂನು ಆಯೋಗ 1969ರ ತನ್ನ 41ನೇ ವರದಿಯಲ್ಲಿ ಈ ದುರ್ಬಳಕೆಯನ್ನು ಎತ್ತಿ ತೋರಿಸಿತು.

1974ರ ಏಪ್ರಿಲ್ 1ರಂದು ಜಾರಿಯಾದ ಹೊಸ ಸಂಹಿತೆಯ 167(2)ನೇ ಕಲಮು 60 ದಿನದ ಗಡಿ ಹಾಕಿತು: ಅಷ್ಟರೊಳಗೆ ತನಿಖೆ ಮುಗಿದು ಆರೋಪಪಟ್ಟಿ ಬರದಿದ್ದರೆ ಜಾಮೀನು, ಆರೋಪ ಎಂಥದ್ದೇ ಇರಲಿ. ಇದೇ ಡಿಫಾಲ್ಟ್ ಜಾಮೀನು. 1978ರ ತಿದ್ದುಪಡಿ ಗಂಭೀರ ಅಪರಾಧಗಳಿಗೆ, ಎಂದರೆ ಮರಣದಂಡನೆ, ಜೀವಾವಧಿ ಅಥವಾ ‘ಹತ್ತು ವರ್ಷಕ್ಕೆ ಕಡಿಮೆಯಿಲ್ಲದ’ ಜೈಲು ಶಿಕ್ಷೆ ಇರುವಂಥವಕ್ಕೆ, ಈ ಗಡಿಯನ್ನು 90ಕ್ಕೆ ಏರಿಸಿತು. ‘ಹತ್ತು ವರ್ಷಕ್ಕೆ ಕಡಿಮೆಯಿಲ್ಲದ’ ಶಿಕ್ಷೆ ಎಂದರೇನು ಎಂಬುದಕ್ಕೇ ಸುಪ್ರೀಂ ಕೋರ್ಟ್ 2017ರಲ್ಲಿ ರಾಕೇಶ್ ಕುಮಾರ್ ಪೌಲ್ ಪ್ರಕರಣದಲ್ಲಿ 2–1ರ ತೀರ್ಪು ಕೊಡಬೇಕಾಯಿತು: ಕನಿಷ್ಠ ಶಿಕ್ಷೆಯೇ ಹತ್ತು ವರ್ಷವಿದ್ದರೆ 90, ‘ಹತ್ತು ವರ್ಷದವರೆಗೆ’ ಎಂದಷ್ಟೇ ಇದ್ದರೆ 60.

2024ರ ಜುಲೈ 1ರಿಂದ ಇದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮು. 60–90 ಹಾಗೇ ಉಳಿದಿದೆ. ಬದಲಾದದ್ದು ಪೊಲೀಸ್ ಕಸ್ಟಡಿ, ಎಂದರೆ ಆರೋಪಿಯನ್ನು ಜೈಲಿನ ಬದಲು ಪೊಲೀಸರ ವಶದಲ್ಲೇ ಇಡುವುದು. ಮೊದಲು ಅದು ರಿಮಾಂಡಿನ ಮೊದಲ 15 ದಿನಗಳಲ್ಲಿ ಮಾತ್ರ ಸಾಧ್ಯವಿತ್ತು. ಈಗ ಅದೇ 15 ದಿನವನ್ನು, 60 ದಿನದ ಕೇಸಾದರೆ ಮೊದಲ 40, 90 ದಿನದ್ದಾದರೆ ಮೊದಲ 60 ದಿನಗಳಲ್ಲಿ ಬಿಡಿಬಿಡಿಯಾಗಿ ಕೇಳಬಹುದು. ಆರೋಪಿಯ ಪಾಲಿಗೆ ಇದು ಸಣ್ಣ ಬದಲಾವಣೆಯಲ್ಲ.

ಎಡವುವುದು ಎಣಿಕೆಯಲ್ಲಿ. ಲೆಕ್ಕ ಶುರುವಾಗುವುದು ಬಂಧನದ ದಿನದಿಂದಲ್ಲ, ಮೊದಲ ರಿಮಾಂಡಿನ ದಿನದಿಂದ. ಆ ದಿನವೂ ಸೇರುತ್ತದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಮಾರ್ಚ್ 1ಕ್ಕೆ ರಿಮಾಂಡ್ ಆದರೆ ಏಪ್ರಿಲ್ 29 ಅರವತ್ತನೇ ದಿನ. 30ರಂದು ಹಕ್ಕು ಹುಟ್ಟುತ್ತದೆ. ಆದರೆ ಬಾಗಿಲು ತಾನಾಗಿ ತೆರೆಯುವುದಿಲ್ಲ, ಕೇಳಬೇಕು. ಬಾಯಿಮಾತಿನಲ್ಲಿ ಕೇಳಿದರೂ ನಡೆಯುತ್ತದೆ. ಕೇಳುವ ಮೊದಲೇ ಚಾರ್ಜ್‌ಶೀಟ್ ಬಂದುಬಿಟ್ಟರೆ ಹಕ್ಕು ಹೋಯಿತು. ಹಾಗಾಗಿ ಪಳಗಿದ ವಕೀಲರು 30ರ ಬೆಳಿಗ್ಗೆ ಕಲಾಪ ಶುರುವಾಗುವ ಹೊತ್ತಿಗೇ ಅರ್ಜಿಯೊಂದಿಗೆ ನಿಂತಿರುತ್ತಾರೆ.

ಕೇಳಿ, ಆದೇಶ ಪಡೆದ ಮೇಲೂ ಒಂದು ಮೆಟ್ಟಿಲು ಉಳಿದಿರುತ್ತದೆ: ಬಾಂಡು, ಜಾಮೀನುದಾರ. ನ್ಯಾಯಾಲಯ ಕೊಟ್ಟ ಅವಧಿಯಲ್ಲಿ ಅವನ್ನು ಒದಗಿಸಲಾಗದೆ, ಅಷ್ಟರಲ್ಲಿ ಚಾರ್ಜ್‌ಶೀಟ್ ಸಲ್ಲಿಕೆಯಾದರೆ, 2001ರ ಉದಯ್ ಮೋಹನ್‌ಲಾಲ್ ಆಚಾರ್ಯ ತೀರ್ಪಿನಂತೆ ಗೆದ್ದ ಜಾಮೀನೂ ಕೈತಪ್ಪುತ್ತದೆ.